ಮನೆಯ ಕನ್ಸೋಲ್‌ನಲ್ಲಿ ‘ಗ್ರೇಡಿಯಸ್’: ಮೊದಲ ಕ್ಯಾಪ್ಸೂಲ್‌ನಿಂದ ಕೊನೆಯ ಕೋಟೆಯವರೆಗೆ

ಬಾಹ್ಯಾಕಾಶ ನೌಕೆಯನ್ನು ನಡೆಸುತ್ತ ಶತ್ರುಗಳನ್ನು ಹೊಡೆಯುವ ‘ಗ್ರೇಡಿಯಸ್’ ಎಂಬ ವಿಡಿಯೊ ಆಟವನ್ನು ಮೊದಲ ಸಲ ಆಡುವವರಲ್ಲಿ ಹೆಚ್ಚಿನವರು ಸೋಲುವ ಬಗೆ ಒಂದೇ. ಶತ್ರುಗಳ ಮೊದಲ ಸಾಲನ್ನು ಹೊಡೆದುರುಳಿಸಿದಾಗ ಒಂದು ಕೆಂಪು ಕ್ಯಾಪ್ಸೂಲ್ ತೇಲಿ ಬರುತ್ತದೆ. ಅದನ್ನು ಹಿಡಿದ ಕೂಡಲೇ ಪರದೆಯ ಕೆಳಗಿನ ಪಟ್ಟಿಯಲ್ಲಿ ಮೊದಲ ಮನೆ ಬೆಳಗುತ್ತದೆ. ಬೆಳಗಿದ್ದನ್ನು ಕಂಡು ಬಟನ್ ಒತ್ತುತ್ತಾರೆ, ನೌಕೆಯ ವೇಗ ಹೆಚ್ಚುತ್ತದೆ. ಎರಡನೆಯ ಕ್ಯಾಪ್ಸೂಲ್‌ಗೂ ಹೀಗೆಯೇ, ಮೂರನೆಯದಕ್ಕೂ ಹೀಗೆಯೇ. ನಾಲ್ಕನೆಯದರ ಹೊತ್ತಿಗೆ ನೌಕೆ ಎಷ್ಟು ಚುರುಕಾಗಿರುತ್ತದೆಯೆಂದರೆ, ಒಂದು ಗುಂಡಿನಿಂದ ತಪ್ಪಿಸಿಕೊಳ್ಳಲು ಕೆಳಕ್ಕೆ ಇಳಿಸಿದರೆ ಅದು ನೇರವಾಗಿ ಗುಡ್ಡಕ್ಕೆ ಹೋಗಿ ಅಪ್ಪಳಿಸುತ್ತದೆ. ಕೈಯಲ್ಲಿ ಒಂದು ಕ್ಷಿಪಣಿಯೂ ಇರುವುದಿಲ್ಲ, ಕವಚವೂ ಇರುವುದಿಲ್ಲ. ನಾನೂ ಹಲವು ದಿನ ಹೀಗೆಯೇ ಸೋತಿದ್ದೇನೆ. ಗುರಿಯಿಟ್ಟು ಹೊಡೆಯುವುದು ಅಭ್ಯಾಸದಿಂದ ಬರುತ್ತದೆ; ಸಿಕ್ಕ ಕ್ಯಾಪ್ಸೂಲ್‌ಗಳನ್ನು ಯಾವಾಗ ಖರ್ಚು ಮಾಡಬೇಕು, ಯಾವಾಗ ಕೂಡಿಡಬೇಕು ಎಂಬ ಲೆಕ್ಕವನ್ನು ಮಾತ್ರ ಯಾರಾದರೂ ಹೇಳಿಕೊಟ್ಟರೆ ಬೇಗ ಬರುತ್ತದೆ. ಆ ಲೆಕ್ಕವನ್ನು ಹೇಳಿಕೊಡುವುದೇ ಈ ಲೇಖನದ ಉದ್ದೇಶ.

ಇಲ್ಲಿ ಹೇಳುವುದೆಲ್ಲ ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ ಸಂಸ್ಥೆಯ ಫ್ಯಾಮಿಕಾಮ್ ಹಾಗೂ ಎನ್‌ಇಎಸ್ ಕನ್ಸೋಲ್‌ಗಳಿಗೆ ಬಂದ ಆವೃತ್ತಿಗೆ ಸಂಬಂಧಿಸಿದ್ದು. ಕೊನಾಮಿ ಸಂಸ್ಥೆಯು ಈ ಆಟವನ್ನು 1985ರಲ್ಲಿ ಆರ್ಕೇಡ್ ಯಂತ್ರವಾಗಿ, ಅಂದರೆ ಆಟದ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ಯಂತ್ರವಾಗಿ, ಹೊರತಂದಿತು. ಜಪಾನಿನ ಹೊರಗೆ ಹಲವು ಕಡೆ ಅದಕ್ಕೆ ‘ನೆಮೆಸಿಸ್’ ಎಂಬ ಹೆಸರಿತ್ತು. ಮನೆಯ ಆವೃತ್ತಿ ಫ್ಯಾಮಿಕಾಮ್‌ಗೆ 1986ರ ಏಪ್ರಿಲ್ 25ರಂದು ಬಂದಿತು, ಅದೇ ವರ್ಷದ ಕೊನೆಗೆ ಅಮೆರಿಕದಲ್ಲಿ ಎನ್‌ಇಎಸ್‌ಗೂ ಬಂದಿತು.

ಮೊದಲ ಹೆಜ್ಜೆ: ಆಡುವ ಸಾಧನವನ್ನು ಸಿದ್ಧಪಡಿಸಿಕೊಳ್ಳುವುದು

ಹಳೆಯ ಕಾರ್ಟ್ರಿಡ್ಜ್ (ಯಂತ್ರದೊಳಗೆ ಸಿಕ್ಕಿಸುವ ಆಟದ ಪುಟ್ಟ ಪೆಟ್ಟಿಗೆ) ಹಾಗೂ ಕನ್ಸೋಲ್ ನಿಮ್ಮಲ್ಲಿದ್ದರೆ ಮೊದಲು ಕಾರ್ಟ್ರಿಡ್ಜ್‌ನ ತಾಮ್ರಬಣ್ಣದ ಸಂಪರ್ಕ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿರಿ. ಬಾಯಿಯಿಂದ ಊದುವ ಅಭ್ಯಾಸ ಬೇಡ. ಉಸಿರಿನ ತೇವದಿಂದ ಆ ಪಟ್ಟಿಗಳು ಕಾಲಕ್ರಮದಲ್ಲಿ ಕಿಲುಬು ಹಿಡಿಯುತ್ತವೆ. ಫ್ಯಾಮಿಕಾಮ್ ಕಾರ್ಟ್ರಿಡ್ಜ್‌ಗೆ 60 ಪಿನ್‌ಗಳು, ಎನ್‌ಇಎಸ್ ಕಾರ್ಟ್ರಿಡ್ಜ್‌ಗೆ 72 ಪಿನ್‌ಗಳು ಇರುವುದರಿಂದ ಒಂದರದ್ದು ಇನ್ನೊಂದರಲ್ಲಿ ನೇರವಾಗಿ ಕೂರುವುದಿಲ್ಲ.

ಹಳೆಯ ಯಂತ್ರ ಇಲ್ಲದವರಿಗೂ ದಾರಿಯಿದೆ. 2016ರಲ್ಲಿ ಬಂದ ಪುಟ್ಟ ಎನ್‌ಇಎಸ್ ಕ್ಲಾಸಿಕ್ ಯಂತ್ರದಲ್ಲಿ ಈ ಆಟ ಅಡಕವಾಗಿದೆ. 2018ರಲ್ಲಿ ನಿಂಟೆಂಡೊ ಸ್ವಿಚ್‌ನ ಆನ್‌ಲೈನ್ ಸೇವೆ ಆರಂಭವಾದಾಗ ಅದರ ಎನ್‌ಇಎಸ್ ಸಂಗ್ರಹದಲ್ಲಿಯೂ ಇದು ಇತ್ತು. ಇವೆರಡರಲ್ಲೂ ಆಟವನ್ನು ನಡುವೆಯೇ ಉಳಿಸಿಟ್ಟು ಮತ್ತೆ ಅಲ್ಲಿಂದಲೇ ಆಡುವ ಸೌಲಭ್ಯವಿದೆ. ಅಭ್ಯಾಸಕ್ಕೆ ಅದನ್ನು ಹೇಗೆ ಬಳಸಿಕೊಳ್ಳಬೇಕೆಂದು ಮುಂದೆ ವಿವರವಾಗಿ ಹೇಳುತ್ತೇನೆ.

ಈಗಿನ ಟಿವಿಗಳಲ್ಲಿ ಆಡುವವರು ಗಮನಿಸಬೇಕಾದ ಒಂದು ಸಂಗತಿಯಿದೆ. ಬಟನ್ ಒತ್ತಿದ ಕ್ಷಣಕ್ಕೂ ಪರದೆಯ ಮೇಲೆ ನೌಕೆ ಅಲುಗುವ ಕ್ಷಣಕ್ಕೂ ನಡುವೆ ಟಿವಿಯೇ ಸ್ವಲ್ಪ ವಿಳಂಬವನ್ನು ತಂದಿಡುತ್ತದೆ. ಚಿತ್ರವನ್ನು ನುಣುಪುಗೊಳಿಸುವ ಎಲ್ಲ ಆಯ್ಕೆಗಳನ್ನೂ ನಿಲ್ಲಿಸಿ, ‘ಗೇಮ್ ಮೋಡ್’ ಇದ್ದರೆ ಅದನ್ನು ಹಾಕಿಕೊಳ್ಳಿರಿ. ಕಿರಿದಾದ ಸುರಂಗದಲ್ಲಿ ಸಾಗುವಾಗ ಕಣ್ಣು ರೆಪ್ಪೆ ಮಿಟುಕಿಸುವಷ್ಟು ವಿಳಂಬವಾದರೂ ಗೋಡೆಗೆ ತಾಗುತ್ತೀರಿ. ಹಾಗೆ ತಾಗಿದಾಗ ತಪ್ಪು ಕೈಯದೋ ಟಿವಿಯದೋ ಎಂಬ ಅನುಮಾನ ಉಳಿದರೆ ಅಭ್ಯಾಸವೇ ಕೆಡುತ್ತದೆ.

ಎರಡನೆಯ ಹೆಜ್ಜೆ: ಆರ್ಕೇಡ್‌ನಿಂದ ಮನೆಗೆ ಬರುವಾಗ ಏನು ಬದಲಾಯಿತೆಂದು ತಿಳಿಯುವುದು

ಮೂಲ ಆರ್ಕೇಡ್ ಯಂತ್ರ ‘ಬಬಲ್ ಸಿಸ್ಟಂ’ ಎಂಬ ವ್ಯವಸ್ಥೆಯ ಮೇಲೆ ನಡೆಯುತ್ತಿತ್ತು. ಅದರ ಕಾಂತೀಯ ಬಬಲ್ ಮೆಮೊರಿ ಕೆಲಸ ಮಾಡಬೇಕಾದರೆ ಮೊದಲು ಬಿಸಿಯಾಗಬೇಕಿತ್ತು. ಹಾಗೆ ಬಿಸಿಯಾಗುವವರೆಗೆ ಯಂತ್ರವು ಒಂದು ಇಂಪಾದ ಸಂಗೀತವನ್ನು ನುಡಿಸುತ್ತ ಎಣಿಕೆ ಇಳಿಸುತ್ತಿತ್ತು. ಆಟ ಶುರುವಾಗುವ ಮುನ್ನವೇ ಆಟಗಾರನನ್ನು ಹೀಗೆ ಕೂರಿಸಿಕೊಂಡು ಹಾಡು ಕೇಳಿಸಿದ ಆ ಯಂತ್ರದ ಬಗ್ಗೆ ನನಗೆ ಇಂದಿಗೂ ಅಕ್ಕರೆಯಿದೆ. ಇಂಥ ಯಂತ್ರದ ಆಟವನ್ನು ಮನೆಯ ಪುಟ್ಟ ಕನ್ಸೋಲ್‌ಗೆ ಇಳಿಸಿದವರ ಮುಂದೆ ದೊಡ್ಡದೊಂದು ತೊಡಕಿತ್ತು.

ಫ್ಯಾಮಿಕಾಮ್‌ನ ಚಿತ್ರ ಬಿಡಿಸುವ ಚಿಪ್ ಒಂದು ಪರದೆಯಲ್ಲಿ ಒಟ್ಟು 64 ಸ್ಪ್ರೈಟ್‌ಗಳನ್ನು, ಅಂದರೆ ಹಿನ್ನೆಲೆಯಿಂದ ಬೇರೆಯಾಗಿ ಚಲಿಸುವ ಚಿಕ್ಕ ಚಿತ್ರತುಂಡುಗಳನ್ನು, ಮಾತ್ರ ತೋರಿಸಬಲ್ಲದು. ಅದರಲ್ಲೂ ಒಂದೇ ಅಡ್ಡಗೆರೆಯ ಮೇಲೆ 8ಕ್ಕಿಂತ ಹೆಚ್ಚು ತುಂಡುಗಳು ಸೇರಿದರೆ ಉಳಿದವು ಕಾಣಿಸುವುದಿಲ್ಲ. ಅಡ್ಡಲಾಗಿ ಸರಿಯುವ ಶೂಟಿಂಗ್ ಆಟಕ್ಕೆ ಈ ಮಿತಿ ಎಷ್ಟು ಕಷ್ಟದ್ದೆಂದು ಸ್ವಲ್ಪ ಯೋಚಿಸಿದರೆ ತಿಳಿಯುತ್ತದೆ: ನೌಕೆ, ಅದರ ಗುಂಡುಗಳು, ಎದುರಿನ ಶತ್ರು, ಶತ್ರುವಿನ ಗುಂಡು, ಇವೆಲ್ಲ ಒಂದೇ ಅಡ್ಡಗೆರೆಯ ಮೇಲೆಯೇ ಎದುರುಬದುರಾಗುತ್ತವೆ. ಒಂದು ನೌಕೆಯೇ ಹಲವು ತುಂಡುಗಳಿಂದಾದದ್ದು. ಮಿತಿ ಮೀರಿದಾಗ ಯಾವ ತುಂಡನ್ನು ಬಿಡಬೇಕೆಂಬುದನ್ನು ಆಟವು ಪ್ರತಿ ಚೌಕಟ್ಟಿಗೂ ಬದಲಿಸುತ್ತ ಹೋಗುವುದರಿಂದ ವಸ್ತುಗಳು ಪೂರ್ತಿ ಮಾಯವಾಗದೆ ಮಿನುಗುತ್ತವೆ. ಪರದೆಯ ಮೇಲೆ ಗುಂಡೊಂದು ಮಿನುಗುತ್ತಿದ್ದರೆ ಅದು ಕಾಣದ ಕ್ಷಣದಲ್ಲಿಯೂ ಅಲ್ಲಿಯೇ ಇದೆ ಎಂದು ಭಾವಿಸಿ ನೌಕೆಯನ್ನು ನಡೆಸಬೇಕು.

ಇದೇ ಮಿತಿಯ ಒತ್ತಡದಲ್ಲಿ ಆಟದ ಲೆಕ್ಕವೂ ಬದಲಾಗಿದೆ. ನೌಕೆಯ ಹಿಂದೆ ಹೊಳೆಯುವ ಗೋಳಗಳಾಗಿ ಹಿಂಬಾಲಿಸುವ ‘ಆಪ್ಷನ್’ಗಳು ಆರ್ಕೇಡ್‌ನಲ್ಲಿ ನಾಲ್ಕರವರೆಗೆ ಸಿಗುತ್ತವೆ, ಎನ್‌ಇಎಸ್‌ನಲ್ಲಿ ಎರಡೇ. ಆರ್ಕೇಡ್‌ನಲ್ಲಿ ಪರದೆಯುದ್ದಕ್ಕೂ ಚಾಚುವ ಲೇಸರ್ ಇಲ್ಲಿ ಚಿಕ್ಕ ಗೆರೆಯಾಗಿದೆ. ಆರ್ಕೇಡ್ ಆಡಿ ಬಂದವರು ‘ಎಲ್ಲವನ್ನೂ ಕತ್ತರಿಸಿಬಿಟ್ಟಿದ್ದಾರೆ’ ಎಂದು ಬೇಸರಪಡುವುದುಂಟು. ನನ್ನ ಅಭಿಪ್ರಾಯ ಬೇರೆ. ಎರಡೇ ಆಪ್ಷನ್ ಎಂದರೆ ಪೂರ್ಣ ಶಕ್ತಿಯನ್ನು ಪಡೆಯಲು ಬೇಕಾದ ಕ್ಯಾಪ್ಸೂಲ್‌ಗಳೂ ಕಡಿಮೆ. ಆದ್ದರಿಂದ ಸತ್ತ ಮೇಲೆ ಚೇತರಿಸಿಕೊಳ್ಳುವುದು ಆರ್ಕೇಡ್‌ನಲ್ಲಿಗಿಂತ ಸುಲಭ. ಹೊಸಬರು ಗ್ರೇಡಿಯಸ್ ಕಲಿಯಲು ಈ ಆವೃತ್ತಿಯೇ ತಕ್ಕದ್ದು ಎಂದು ನಾನು ನಂಬಿರುವುದು ಈ ಕಾರಣಕ್ಕೆ.

ಮೂರನೆಯ ಹೆಜ್ಜೆ: ಪವರ್ ಪಟ್ಟಿಯ ಲೆಕ್ಕ

ಪರದೆಯ ಕೆಳಗಿನ ಪಟ್ಟಿಯಲ್ಲಿ ಎಡದಿಂದ ಬಲಕ್ಕೆ ಆರು ಮನೆಗಳಿವೆ: ವೇಗ, ಕ್ಷಿಪಣಿ, ಡಬಲ್, ಲೇಸರ್, ಆಪ್ಷನ್, ಮತ್ತು ಪ್ರಶ್ನಾರ್ಥಕ ಚಿಹ್ನೆಯಿರುವ ಕೊನೆಯ ಮನೆಯಲ್ಲಿ ಕವಚ. ಒಂದು ಕೆಂಪು ಕ್ಯಾಪ್ಸೂಲ್ ಹಿಡಿದರೆ ಬೆಳಕು ಒಂದು ಮನೆ ಮುಂದಕ್ಕೆ ಹೋಗುತ್ತದೆ. ನಿಮಗೆ ಬೇಕಾದ ಮನೆ ಬೆಳಗಿದಾಗ ಪವರ್ ಬಟನ್, ಅಂದರೆ ನಿಯಂತ್ರಕದಲ್ಲಿ ಶಕ್ತಿ ಆರಿಸಿಕೊಳ್ಳುವ ಬಟನ್, ಒತ್ತಿದರೆ ಆ ಶಕ್ತಿ ಸಿಗುತ್ತದೆ, ಬೆಳಕು ಆರುತ್ತದೆ, ಲೆಕ್ಕ ಮತ್ತೆ ಮೊದಲಿನಿಂದ ಶುರು. ಆರನೆಯ ಮನೆಯನ್ನೂ ದಾಟಿ ಇನ್ನೊಂದು ಕ್ಯಾಪ್ಸೂಲ್ ಹಿಡಿದರೆ ಬೆಳಕು ಸುತ್ತಿ ಮತ್ತೆ ವೇಗದ ಮನೆಗೆ ಬರುತ್ತದೆ. ಡಬಲ್ ಮತ್ತು ಲೇಸರ್ ಎರಡೂ ಒಟ್ಟಿಗೆ ಇರುವುದಿಲ್ಲ. ಒಂದನ್ನು ತೆಗೆದುಕೊಂಡರೆ ಇನ್ನೊಂದು ಹೋಗುತ್ತದೆ. ಆಗೊಮ್ಮೆ ಈಗೊಮ್ಮೆ ಬರುವ ನೀಲಿ ಕ್ಯಾಪ್ಸೂಲ್ ಪರದೆಯ ಮೇಲಿನ ಶತ್ರುಗಳನ್ನೆಲ್ಲ ಒಮ್ಮೆಗೇ ನಾಶಮಾಡುತ್ತದೆ.

ಹಾಗಾದರೆ ಪ್ರತಿ ಶಕ್ತಿಗೂ ಒಂದು ಬೆಲೆಯಿದೆ ಎಂದಾಯಿತು. ವೇಗಕ್ಕೆ 1, ಕ್ಷಿಪಣಿಗೆ 2, ಡಬಲ್‌ಗೆ 3, ಲೇಸರ್‌ಗೆ 4, ಆಪ್ಷನ್‌ಗೆ 5, ಕವಚಕ್ಕೆ 6. ಎರಡು ಸಲ ವೇಗ, ಕ್ಷಿಪಣಿ, ಲೇಸರ್, ಎರಡು ಆಪ್ಷನ್ ಹಾಗೂ ಕವಚ, ಇಷ್ಟನ್ನು ಪಡೆದ ನೌಕೆ ಈ ಆಟದಲ್ಲಿ ಪೂರ್ಣ ಸಜ್ಜಿತ ನೌಕೆ. ಕೂಡಿಸಿ ನೋಡಿದರೆ 24 ಕ್ಯಾಪ್ಸೂಲ್‌ಗಳು ಬೇಕು. ಮೊದಲ ಹಂತವನ್ನು ಆಡುವಾಗ ಈ ಸಂಖ್ಯೆ ತಲೆಯಲ್ಲಿರಲಿ.

ಖರ್ಚಿನ ಕ್ರಮವನ್ನು ನಾನು ಹೀಗೆ ಇಟ್ಟುಕೊಂಡಿದ್ದೇನೆ. ಮೊದಲ ಕ್ಯಾಪ್ಸೂಲ್ ವೇಗಕ್ಕೆ ಹೋಗಲಿ, ಏಕೆಂದರೆ ಆರಂಭದ ನೌಕೆ ತುಂಬ ನಿಧಾನ. ಮುಂದಿನ ಎರಡು ಕ್ಷಿಪಣಿಗೆ, ಏಕೆಂದರೆ ನೆಲದ ಮೇಲಿನ ಫಿರಂಗಿಗಳಿಗೆ ನೇರ ಗುಂಡು ಮುಟ್ಟುವುದಿಲ್ಲ. ಕ್ಷಿಪಣಿ ಕೆಳಕ್ಕೆ ಬಿದ್ದು ನೆಲದ ಮೇಲೆ ಜಾರುತ್ತ ಹೋಗಿ ಅವುಗಳನ್ನು ಹೊಡೆಯುತ್ತದೆ. ಇಲ್ಲಿಂದ ಮುಂದೆ ಬೇಕಾದದ್ದು ತಾಳ್ಮೆ. ಮೂರನೆಯ ಮನೆ ಬೆಳಗುತ್ತದೆ, ನಾಲ್ಕನೆಯದು ಬೆಳಗುತ್ತದೆ. ಹೆಬ್ಬೆರಳು ಪವರ್ ಬಟನ್‌ನ ಮೇಲೆ ಇದ್ದರೂ ಒತ್ತಬಾರದು. ಐದನೆಯ ಮನೆ ಬೆಳಗಿದಾಗ ಮೊದಲ ಆಪ್ಷನ್ ತೆಗೆದುಕೊಳ್ಳಿರಿ. ಆಪ್ಷನ್ ಎಂದರೆ ನಿಮ್ಮ ಬಳಿ ಇರುವ ಎಲ್ಲ ಆಯುಧಗಳ ಇನ್ನೊಂದು ಪ್ರತಿ. ಅದು ಕ್ಷಿಪಣಿಯನ್ನೂ ಹಾರಿಸುತ್ತದೆ, ಶತ್ರುವಿನ ಗುಂಡು ಅದಕ್ಕೆ ತಾಗುವುದೂ ಇಲ್ಲ. ಮೊದಲು ಲೇಸರ್ ಕೊಂಡವನಿಗೆ ಒಂದು ಒಳ್ಳೆಯ ಬಂದೂಕು ಸಿಗುತ್ತದೆ. ಮೊದಲು ಆಪ್ಷನ್ ಕೊಂಡವನ ಬಳಿ ಎರಡು ಸಾಧಾರಣ ಬಂದೂಕುಗಳೂ ಎರಡು ಕ್ಷಿಪಣಿಗಳೂ ಇರುತ್ತವೆ. ಆಮೇಲೆ ಇನ್ನೊಂದು ವೇಗ, ಇನ್ನೊಂದು ಆಪ್ಷನ್, ಲೇಸರ್, ಕೊನೆಗೆ ಕವಚ.

ವೇಗವನ್ನು ಎರಡಕ್ಕಿಂತ ಹೆಚ್ಚು ಸಲ ತೆಗೆದುಕೊಳ್ಳಬೇಡಿರಿ. ಒಮ್ಮೆ ಪಡೆದ ವೇಗವನ್ನು ಕಡಿಮೆ ಮಾಡಿಕೊಳ್ಳಲು ಸಾಯುವುದೊಂದನ್ನು ಬಿಟ್ಟು ಬೇರೆ ದಾರಿ ಇಲ್ಲ.

ಡಬಲ್ ಬಗ್ಗೆ ಒಂದು ಮಾತು. ಅದು ಒಂದು ಗುಂಡನ್ನು ನೇರವಾಗಿಯೂ ಇನ್ನೊಂದನ್ನು ಓರೆಯಾಗಿ ಮೇಲಕ್ಕೂ ಹಾರಿಸುತ್ತದೆ. ಚಾವಣಿಯಲ್ಲಿ ಫಿರಂಗಿಗಳು ತುಂಬಿರುವ ಕಡೆ ಅದು ನೆರವಿಗೆ ಬರುತ್ತದೆ ಎಂಬುದು ನಿಜ. ಆದರೆ ಬಾಸ್‌ಗಳ, ಅಂದರೆ ಹಂತದ ಕೊನೆಗೆ ಎದುರಾಗುವ ದೊಡ್ಡ ಶತ್ರುಗಳ, ಮುಂದೆ ಅದರಿಂದ ಪ್ರಯೋಜನ ಕಡಿಮೆ. ಎರಡು ಆಪ್ಷನ್ ಇರುವ ಲೇಸರ್ ನೌಕೆಯನ್ನು ಸ್ವಲ್ಪ ಮೇಲೆ ಕೆಳಗೆ ಸರಿಸುತ್ತ ಆಡಿದರೆ ಚಾವಣಿಯನ್ನೂ ನಿಭಾಯಿಸಬಹುದು.

ಇನ್ನು ಈ ಲೆಕ್ಕದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಎಲ್ಲ ಶಕ್ತಿಗಳೂ ಬಂದ ಮೇಲೆ ಇನ್ನೂ ಆರು ಕ್ಯಾಪ್ಸೂಲ್ ಹಿಡಿದು ಬೆಳಕನ್ನು ಕವಚದ ಮನೆಯಲ್ಲಿ ನಿಲ್ಲಿಸಿಕೊಳ್ಳಿರಿ. ಕವಚ ಇನ್ನೂ ಇರುವಾಗ ಆ ಮನೆ ಖಾಲಿಯಾಗಿ ಕಾಣುತ್ತದೆ, ಒತ್ತಿದರೂ ಏನೂ ಆಗುವುದಿಲ್ಲ. ಆದರೆ ಏಟು ತಿಂದು ತಿಂದು ಕವಚ ಮುಗಿದ ಕ್ಷಣವೇ ಪವರ್ ಬಟನ್ ಒತ್ತಿದರೆ ಹೊಸ ಕವಚ ಬಂದುಬಿಡುತ್ತದೆ. ಹೀಗೆ ಬೆಳಕನ್ನು ಅಲ್ಲಿ ನಿಲ್ಲಿಸಿದ ಮೇಲೆ ಮುಂದಿನ ಕ್ಯಾಪ್ಸೂಲ್‌ಗಳನ್ನು ಬೇಕೆಂದೇ ತಪ್ಪಿಸಬೇಕು. ಒಂದನ್ನು ಹಿಡಿದರೂ ಬೆಳಕು ವೇಗದ ಮನೆಗೆ ಸುತ್ತಿಹೋಗುತ್ತದೆ, ಮತ್ತೆ ಕವಚದ ಮನೆ ತಲುಪಲು ಇನ್ನೂ ಐದು ಬೇಕು. ಕೆಂಪು ಕ್ಯಾಪ್ಸೂಲ್‌ನಿಂದ ದೂರ ಸರಿಯುವುದನ್ನು ಕೈಗೆ ಕಲಿಸಲು ನನಗೆ ಸಾಕಷ್ಟು ಕಾಲ ಹಿಡಿಯಿತು, ಆದರೆ ಕಲಿತ ಮೇಲೆ ಆಟದ ದ್ವಿತೀಯಾರ್ಧ ಬೇರೆಯೇ ಆಯಿತು. ಕವಚವು ನೌಕೆಯ ಮುಂಭಾಗವನ್ನು ಮಾತ್ರ ಕಾಯುತ್ತದೆ ಎಂಬುದು ನೆನಪಿರಲಿ. ಬೆನ್ನಿಗೆ ಬಡಿಯುವ ಶತ್ರುವಿನಿಂದ ಅದು ಉಳಿಸುವುದಿಲ್ಲ.

ನಾಲ್ಕನೆಯ ಹೆಜ್ಜೆ: ಹೊಡೆಯುವುದು ಮತ್ತು ಆಪ್ಷನ್‌ಗಳನ್ನು ನಡೆಸುವುದು

ಪರದೆಯ ಮೇಲೆ ಒಂದೇ ಹೊತ್ತಿಗೆ ಇರಬಹುದಾದ ನಿಮ್ಮ ಗುಂಡುಗಳ ಸಂಖ್ಯೆಗೆ ಮಿತಿಯಿದೆ. ಹಾರಿಸಿದ ಗುಂಡು ಏನನ್ನಾದರೂ ತಾಗುವವರೆಗೆ ಅಥವಾ ಪರದೆಯ ಅಂಚನ್ನು ದಾಟುವವರೆಗೆ ಮುಂದಿನದಕ್ಕೆ ಜಾಗವಿರುವುದಿಲ್ಲ. ಇದರಿಂದ ಒಂದು ವಿಚಿತ್ರ ಪರಿಣಾಮ ಉಂಟಾಗುತ್ತದೆ: ಶತ್ರುವಿಗೆ ಹತ್ತಿರವಾದಷ್ಟೂ ಗುಂಡುಗಳು ಬೇಗ ತಾಗಿ ಬೇಗ ಮರಳಿ ದೊರೆಯುತ್ತವೆ, ಆದ್ದರಿಂದ ನಿಮ್ಮ ಹೊಡೆತದ ವೇಗವೇ ಹೆಚ್ಚುತ್ತದೆ. ಲೇಸರ್ ಇಲ್ಲದ ಬರಿಗೈ ನೌಕೆಯಿಂದ ಗಟ್ಟಿ ಗುರಿಯೊಂದನ್ನು ಒಡೆಯಬೇಕಾದಾಗ ಎಡ ಅಂಚಿನಲ್ಲಿ ಮುದುಡಿ ಕೂರದೆ, ಧೈರ್ಯಮಾಡಿ ಮುಂದಕ್ಕೆ ಹೋಗಿ ಹೊಡೆದು ಹಿಂದಕ್ಕೆ ಸರಿಯಿರಿ.

ಆಪ್ಷನ್‌ಗಳು ನೌಕೆ ಸಾಗಿದ ಜಾಡನ್ನೇ ಹಿಡಿದು ಬರುತ್ತವೆ. ನೌಕೆ ನಿಂತರೆ ಅವೂ ಇದ್ದಲ್ಲಿಯೇ ನಿಲ್ಲುತ್ತವೆ. ಇದನ್ನು ಅರಿತವನ ಕೈಯಲ್ಲಿ ಅವು ಹಿಂಬಾಲಕರಾಗಿ ಉಳಿಯದೆ ಕಾವಲುಗಾರರಾಗುತ್ತವೆ. ನೌಕೆಯನ್ನು ನೇರವಾಗಿ ಮೇಲಿನಿಂದ ಕೆಳಕ್ಕೆ ಇಳಿಸಿ ನಿಲ್ಲಿಸಿ ನೋಡಿರಿ. ಕೆಳಗೆ ನೌಕೆ, ಅದರ ಮೇಲೆ ಒಂದು ಗೋಳ, ಇನ್ನೂ ಮೇಲೆ ಎರಡನೆಯ ಗೋಳ, ಹೀಗೆ ಮೂರು ಬಂದೂಕುಗಳ ಕಂಬವೊಂದು ನಿಲ್ಲುತ್ತದೆ. ಪರದೆಯ ಬಹುಭಾಗ ನಿಮ್ಮ ಹೊಡೆತದ ಹಿಡಿತಕ್ಕೆ ಬರುತ್ತದೆ. ಅದೇ ನೌಕೆಯನ್ನು ಬಲಕ್ಕೆ ಒಯ್ದು ನಿಲ್ಲಿಸಿದರೆ ಮೂರೂ ಒಂದೇ ಸಾಲಿನಲ್ಲಿ ನಿಂತು ಒಂದೇ ಗುರಿಗೆ ಮುಮ್ಮಡಿ ಹೊಡೆತ ಕೊಡುತ್ತವೆ. ಗುಂಪಾಗಿ ಬರುವ ಶತ್ರುಗಳಿಗೆ ಕಂಬ, ಬಾಸ್‌ಗೆ ಸಾಲು. ಬೇಕಾದ ಆಕಾರಕ್ಕೆ ತಂದ ಮೇಲೆ ನೌಕೆಯನ್ನು ಆದಷ್ಟು ಕಡಿಮೆ ಅಲುಗಿಸಬೇಕು. ಹಿಡಿತ ಬರುವವರೆಗೆ ಮೊದಲ ಹಂತದ ಆರಂಭದಲ್ಲಿ ಬರುವ ಬಯಲಿನಲ್ಲಿ ಇದೊಂದನ್ನೇ ಅಭ್ಯಾಸ ಮಾಡಿದರೂ ಆ ಸಮಯ ವ್ಯರ್ಥವಾಗದು.

ಐದನೆಯ ಹೆಜ್ಜೆ: ಹಂತಗಳನ್ನು ದಾಟುವುದು

ಒಟ್ಟು ಏಳು ಹಂತಗಳಿವೆ. ಎಲ್ಲವನ್ನೂ ಸಮಾನವಾಗಿ ವಿವರಿಸುವ ಅಗತ್ಯವಿಲ್ಲ. ಮೊದಲ ಮತ್ತು ಮೂರನೆಯ ಹಂತಗಳನ್ನು ಚೆನ್ನಾಗಿ ಕಲಿತವರಿಗೆ ಉಳಿದವುಗಳ ಅರ್ಧ ಪಾಠ ಆಗಿರುತ್ತದೆ.

ಮೊದಲ ಹಂತ ನಿಮ್ಮ ಖಜಾನೆ. ಸಾಲಾಗಿ ಸುತ್ತುತ್ತ ಬರುವ ಚಕ್ರದಂಥ ಶತ್ರುಗಳ ಗುಂಪಿನಲ್ಲಿ ಒಂದನ್ನೂ ಬಿಡದೆ ಹೊಡೆದರೆ ಮಾತ್ರ ಕ್ಯಾಪ್ಸೂಲ್ ಸಿಗುತ್ತದೆ. ಒಂದು ತಪ್ಪಿಸಿಕೊಂಡರೂ ಸಿಗದು. ಉಳಿದ ಶತ್ರುಗಳಲ್ಲಿ ಬೇರೆ ಬಣ್ಣದಲ್ಲಿ, ಕೆಂಪಾಗಿ ಬರುವವು ಒಂಟಿಯಾಗಿದ್ದರೂ ಕ್ಯಾಪ್ಸೂಲ್ ಕೊಡುತ್ತವೆ. ಆದ್ದರಿಂದ ಪರದೆಯ ಮೇಲೆ ಹಲವು ಶತ್ರುಗಳಿರುವಾಗ ನಿಮ್ಮ ಕಣ್ಣು ಮೊದಲು ಕೆಂಪನ್ನು ಹುಡುಕಬೇಕು. ಹಂತದ ಕೊನೆಗೆ ಎರಡು ಜ್ವಾಲಾಮುಖಿಗಳು ಕಲ್ಲುಗಳನ್ನು ಉಗುಳತೊಡಗುತ್ತವೆ. ಹೊಸಬರು ಅಲ್ಲಿ ಗಾಬರಿಯಿಂದ ಇಡೀ ಪರದೆಯ ಮೇಲೆ ಓಡಾಡಿ, ಬೀಳುವ ಕಲ್ಲಿಗೆ ತಾವೇ ಹೋಗಿ ತಾಗುತ್ತಾರೆ. ಎಡಭಾಗದಲ್ಲಿ ನಿಂತು, ಆಪ್ಷನ್‌ಗಳನ್ನು ಕಂಬವಾಗಿ ನಿಲ್ಲಿಸಿಕೊಂಡು, ಗುಂಡು ನಿಲ್ಲಿಸದೆ ಹಾರಿಸುತ್ತ, ನಿಮ್ಮತ್ತ ಬರುವ ಕಲ್ಲುಗಳಿಗೆ ಮಾತ್ರ ನೌಕೆಯಗಲದಷ್ಟು ಸರಿಯಿರಿ.

ಅದರ ಬೆನ್ನಿಗೇ ಬರುವ ಬಾಸ್ ‘ಬಿಗ್ ಕೋರ್’. ಈ ಹಡಗಿನ ನಡುವಿನ ಸಂದಿಯಲ್ಲಿ ಒಂದರ ಹಿಂದೆ ಒಂದರಂತೆ ತಡೆಗೋಡೆಗಳಿವೆ. ಅವೆಲ್ಲವನ್ನೂ ಒಡೆದ ಮೇಲೆಯೇ ಒಳಗಿನ ತಿರುಳಿಗೆ ಗುಂಡು ತಲುಪುತ್ತದೆ. ಹಡಗಿನ ಬೇರೆ ಯಾವ ಭಾಗಕ್ಕೆ ಹೊಡೆದರೂ ಉಪಯೋಗವಿಲ್ಲ. ಅದು ಮೇಲೆ ಕೆಳಗೆ ಚಲಿಸುತ್ತ ಒಮ್ಮೆಗೆ ನಾಲ್ಕು ಲೇಸರ್‌ಗಳನ್ನು ಬಿಡುತ್ತದೆ. ಅದರೊಂದಿಗೆ ಒಂದೇ ಲಯದಲ್ಲಿ ಮೇಲೆ ಕೆಳಗೆ ಸಾಗಿ, ಲೇಸರ್ ಬಿಟ್ಟ ಕೂಡಲೇ ನಡುಗೆರೆಗೆ ಬಂದು ಎರಡು ಮೂರು ಸಲ ಹೊಡೆದು, ಮುಂದಿನ ಲೇಸರ್‌ಗೆ ಮುನ್ನ ಪಕ್ಕಕ್ಕೆ ಸರಿಯುವುದು ಕ್ರಮ. ಮುಂದಿನ ಹಂತಗಳ ಕೊನೆಗೂ ಈ ಹಡಗು ಮತ್ತೆ ಮತ್ತೆ ಎದುರಾಗುವುದರಿಂದ ಇಲ್ಲಿ ಕಲಿತ ಲಯ ಮುಂದೆಲ್ಲ ಕೆಲಸಕ್ಕೆ ಬರುತ್ತದೆ.

ಎರಡನೆಯ ಹಂತದಲ್ಲಿ ಬೃಹತ್ ಕಲ್ಲುಗಳು ಅಡ್ಡ ಬರುತ್ತವೆ. ಕಲ್ಲುಗಳ ನಡುವೆ ನುಗ್ಗುವ ಮುನ್ನ ಹೊರದಾರಿ ಎಲ್ಲಿದೆಯೆಂದು ನೋಡಿಕೊಂಡರೆ ಸಾಕು.

ಮೂರನೆಯದು ಮೊವಾಯ್ ಹಂತ. ಈಸ್ಟರ್ ದ್ವೀಪದ ಕಲ್ಲಿನ ಮುಖಗಳು ಇಲ್ಲಿ ಬಾಯಿ ತೆರೆದು ಉಂಗುರಗಳನ್ನು ಉಗುಳುತ್ತವೆ. ಗ್ರೇಡಿಯಸ್ ಸರಣಿಯ ಗುರುತೇ ಆಗಿಬಿಟ್ಟ ಈ ಮುಖಗಳನ್ನು ಕಂಡಾಗ ಸಂತೋಷವಾಗುತ್ತದೆ, ಆದರೆ ಮೈಮರೆಯಬಾರದು. ಗುರಿ ಇಡಬೇಕಾದದ್ದು ತೆರೆದ ಬಾಯಿಗೆ. ಉಂಗುರಗಳನ್ನೂ ಗುಂಡಿನಿಂದ ಒಡೆಯಬಹುದು, ಆದ್ದರಿಂದ ತಪ್ಪಿಸಿಕೊಳ್ಳಲು ಓಡುವುದಕ್ಕಿಂತ ಎದುರು ನಿಂತು ಒಡೆಯುವುದೇ ಹೆಚ್ಚು ಸಲ ಸುರಕ್ಷಿತ. ಮೂರು ಬಂದೂಕುಗಳ ಸಾಲಿನ ಬೆಲೆ ಇಲ್ಲಿ ತಿಳಿಯುತ್ತದೆ. ಕೆಲವು ಮುಖಗಳು ಬಲಕ್ಕೆ ತಿರುಗಿರುತ್ತವೆ. ಅವುಗಳನ್ನು ದಾಟಿ ಮುಂದೆ ಹೋದ ನೌಕೆಗೆ ಬೆನ್ನಿನಿಂದ ಉಂಗುರ ಬರುತ್ತದೆ, ಮುಂಗವಚ ಅದನ್ನು ತಡೆಯುವುದಿಲ್ಲ. ಹೀಗಾಗಿ ಈ ಹಂತದಲ್ಲಿ ಪರದೆಯ ಎಡ ಕಾಲುಭಾಗವನ್ನು ಬಿಟ್ಟು ಮುಂದೆ ಹೋಗದಿರುವುದು ಲೇಸು.

ನಾಲ್ಕನೆಯ ಹಂತ ಮೊದಲ ಹಂತವನ್ನು ತಲೆಕೆಳಗು ಮಾಡಿದಂತಿದೆ. ಐದನೆಯದರಲ್ಲಿ ಉದ್ದನೆಯ ಬಾಹುಗಳನ್ನು ಬೀಸುವ ಜೀವಿಗಳಿವೆ. ಬಾಹುಗಳನ್ನು ಬಿಟ್ಟು ನಡುವಿನ ದೇಹಕ್ಕೆ ಹೊಡೆಯಿರಿ. ಆರನೆಯದರಲ್ಲಿ ಜೀವಕೋಶಗಳಂಥ ಉಂಡೆಗಳು ದಾರಿಯನ್ನು ತುಂಬಿಕೊಂಡು ಬರುತ್ತವೆ, ಪರದೆಯ ಮಿನುಗು ಕಣ್ಣಿಗೆ ಹೆಚ್ಚು ಕಾಡುವುದೂ ಇಂಥ ಗುಂಪುಗಳ ನಡುವೆಯೇ. ಏಳನೆಯ ಹಂತ ಕೋಟೆ: ಕಿರಿದಾದ ದಾರಿಗಳು, ಚಾವಣಿ ಮತ್ತು ನೆಲ ಎರಡರ ಮೇಲೂ ಫಿರಂಗಿಗಳು. ಮೂರು ಸಲ ವೇಗ ಪಡೆದವರು ಪಶ್ಚಾತ್ತಾಪಪಡುವ ಜಾಗ ಇದೇ. ಎಲ್ಲವನ್ನೂ ದಾಟಿದ ಮೇಲೆ ಎದುರಾಗುವ ದೊಡ್ಡ ಮೆದುಳು ನಿಮ್ಮ ಮೇಲೆ ಆಕ್ರಮಣವನ್ನೇ ಮಾಡುವುದಿಲ್ಲ. ಅಲ್ಲಿಯವರೆಗೆ ಬಂದು ತಲುಪುವುದೇ ನಿಜವಾದ ಯುದ್ಧ. ಅದು ನಾಶವಾದ ಮೇಲೆ ಆಟ ಇನ್ನೂ ಕಠಿಣವಾಗಿ ಮೊದಲ ಹಂತದಿಂದ ಮತ್ತೆ ಆರಂಭವಾಗುತ್ತದೆ.

ಆರನೆಯ ಹೆಜ್ಜೆ: ಸತ್ತ ಮೇಲೆ ಚೇತರಿಸಿಕೊಳ್ಳುವುದು

ಈ ಆಟದಲ್ಲಿ ಒಮ್ಮೆ ಸತ್ತರೆ ಎಲ್ಲ ಶಕ್ತಿಗಳೂ ಹೋಗುತ್ತವೆ, ಮತ್ತು ಹಂತದೊಳಗಿನ ಹಿಂದಿನ ಚೆಕ್‌ಪಾಯಿಂಟ್‌ನಿಂದ ನಿಧಾನದ ಬರಿಗೈ ನೌಕೆಯಲ್ಲಿ ಮತ್ತೆ ಹೊರಡಬೇಕು. ಪೂರ್ಣ ಶಕ್ತಿಯ ನೌಕೆಗೆ ಸುಲಭವಾಗಿದ್ದ ಜಾಗವೇ ಬರಿಗೈ ನೌಕೆಗೆ ಗೋಡೆಯಾಗುತ್ತದೆ. ಆದ್ದರಿಂದ ಎರಡೂ ಸ್ಥಿತಿಗಳನ್ನು ಬೇರೆ ಬೇರೆಯಾಗಿ ಅಭ್ಯಾಸ ಮಾಡಬೇಕಾಗುತ್ತದೆ, ಆದರೆ ಹೆಚ್ಚಿನವರು ಮೊದಲನೆಯದನ್ನು ಮಾತ್ರ ಮಾಡುತ್ತಾರೆ.

ಆಟವನ್ನು ಉಳಿಸಿಡುವ ಸೌಲಭ್ಯ ನಿಜವಾಗಿ ಉಪಯುಕ್ತವಾಗುವುದು ಇಲ್ಲಿ. ಎನ್‌ಇಎಸ್ ಕ್ಲಾಸಿಕ್‌ನಲ್ಲಿ ಒಂದು ಆಟಕ್ಕೆ ನಾಲ್ಕು ಉಳಿಕೆಗಳನ್ನು ಇಟ್ಟುಕೊಳ್ಳಬಹುದು. ಸಾಯುವ ಮುನ್ನಿನ ಸುರಕ್ಷಿತ ಕ್ಷಣವನ್ನು ಉಳಿಸಿಟ್ಟುಕೊಂಡು ತಪ್ಪನ್ನು ಅಳಿಸಿಹಾಕುತ್ತ ಹೋದರೆ ಕೊನೆಯ ಹಂತ ಕಾಣಬಹುದು, ಕೈ ಮಾತ್ರ ಕಲಿಯುವುದಿಲ್ಲ. ಬದಲಾಗಿ, ಸತ್ತು ಚೆಕ್‌ಪಾಯಿಂಟ್‌ನಲ್ಲಿ ನೌಕೆ ಮತ್ತೆ ಕಾಣಿಸಿಕೊಂಡ ಕ್ಷಣವನ್ನು ಉಳಿಸಿಡಿರಿ. ಅಲ್ಲಿಂದ ಹತ್ತು ಸಲ ಆಡಿರಿ. ಮೊದಲ ಕ್ಯಾಪ್ಸೂಲ್ ಎಲ್ಲಿ ಸಿಗುತ್ತದೆ, ಎರಡನೆಯದು ಎಲ್ಲಿ, ಯಾವ ಗುಂಪನ್ನು ಬಿಟ್ಟು ಯಾವುದಕ್ಕೆ ಹೋಗಬೇಕು ಎಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿರಿ. ಶತ್ರುಗಳ ಗುಂಪುಗಳು ಪ್ರತಿ ಸಲವೂ ಅದೇ ಕ್ರಮದಲ್ಲಿ ಬರುವುದರಿಂದ ಆ ಹಾಳೆ ನಿಮ್ಮ ನಕ್ಷೆಯಾಗುತ್ತದೆ. ನನ್ನ ಮೊವಾಯ್ ಹಂತದ ಹಾಳೆಯಲ್ಲಿ ಒಂದೇ ಚೆಕ್‌ಪಾಯಿಂಟ್‌ಗೆ ಸಂಬಂಧಿಸಿದ ಒಂಬತ್ತು ಸಾಲುಗಳಿದ್ದವು, ಅವುಗಳಲ್ಲಿ ಆರು ಸಾಲು ಹೊಡೆದು ಹಾಕಿದ ತಪ್ಪು ದಾರಿಗಳು.

ಚೇತರಿಕೆಯಲ್ಲಿ ಖರ್ಚಿನ ಕ್ರಮ ಸ್ವಲ್ಪ ಬದಲಾಗುತ್ತದೆ. ಒಂದು ವೇಗ ತೆಗೆದುಕೊಂಡ ಮೇಲೆ ಕ್ಷಿಪಣಿಯನ್ನೂ ಬಿಟ್ಟು ನೇರವಾಗಿ ಆಪ್ಷನ್‌ಗೆ ಕೂಡಿಡುವುದು ಹಲವು ಕಡೆ ಉತ್ತಮ. ಮುಂದೆ ನೆಲದ ಫಿರಂಗಿಗಳೇ ಹೆಚ್ಚಿವೆ ಎಂದು ನಿಮ್ಮ ಹಾಳೆ ಹೇಳಿದರೆ ಮಾತ್ರ ಮೊದಲು ಕ್ಷಿಪಣಿ ಪಡೆಯಿರಿ.

ಆ ಹೆಸರಾಂತ ಸಂಕೇತ

ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ‘ಕೊನಾಮಿ ಕೋಡ್’ ಎಂದು ಲೋಕವೆಲ್ಲ ಅರಿತಿರುವ ಈ ಸರಣಿ ಮೊದಲು ಕಾಣಿಸಿಕೊಂಡದ್ದು ಇದೇ ಮನೆಯ ಗ್ರೇಡಿಯಸ್‌ನಲ್ಲಿ. ಈ ಆವೃತ್ತಿಯ ಕೆಲಸದಲ್ಲಿ ತೊಡಗಿದ್ದ ಕಝುಹಿಸಾ ಹಶಿಮೊಟೊ ಅವರಿಗೆ ಪರೀಕ್ಷೆಗಾಗಿ ಆಡುವಾಗ ಆಟ ತೀರ ಕಷ್ಟವೆನಿಸಿ, ತಮಗೆ ಸುಲಭವಾಗಿ ನೆನಪಿರುವ ಸರಣಿಯೊಂದನ್ನು ಒಳಗಿಟ್ಟರು. ಆಟವನ್ನು ಕಟ್ಟಿದವರಿಗೇ ಕಷ್ಟವಾಗಿತ್ತು ಎಂಬುದು ಸೋತು ಕುಳಿತಾಗ ನನಗೆ ಎಷ್ಟೋ ಸಲ ಸಮಾಧಾನ ಕೊಟ್ಟಿದೆ. ಅವರು 2020ರ ಫೆಬ್ರವರಿಯಲ್ಲಿ ತೀರಿಕೊಂಡರು.

ಬಳಸುವುದು ಹೀಗೆ: ಆಟ ನಡೆಯುತ್ತಿರುವಾಗ ಸ್ಟಾರ್ಟ್ ಬಟನ್ ಒತ್ತಿ ನಿಲ್ಲಿಸಿರಿ, ಅವಸರವಿಲ್ಲದೆ ಸರಣಿಯನ್ನು ಒತ್ತಿರಿ, ಮತ್ತೆ ಸ್ಟಾರ್ಟ್ ಒತ್ತಿ ಮುಂದುವರಿಯಿರಿ. ಕ್ಷಿಪಣಿ, ಎರಡು ಆಪ್ಷನ್ ಮತ್ತು ಕವಚ ಒಮ್ಮೆಗೇ ಬರುತ್ತವೆ. ಮೇಲಿನ ಲೆಕ್ಕದಲ್ಲಿ ಹೇಳುವುದಾದರೆ ಅದು 18 ಕ್ಯಾಪ್ಸೂಲ್‌ಗಳ ಸಂಪತ್ತು. ಇದನ್ನು ಆಟದ ಮೊದಲ ನಿಮಿಷದಲ್ಲೇ ಬಳಸಿಬಿಡುವುದು ದುಂದುವೆಚ್ಚ, ಏಕೆಂದರೆ ಮೊದಲ ಹಂತದಲ್ಲಿ ಕ್ಯಾಪ್ಸೂಲ್‌ಗಳು ಬೇಕಾದಷ್ಟು ಸಿಗುತ್ತವೆ. ಮುಂದಿನ ಹಂತಗಳ ಕಠಿಣ ಚೆಕ್‌ಪಾಯಿಂಟ್‌ನಲ್ಲಿ ಬರಿಗೈಯಾಗಿ ನಿಂತಾಗ ಬಳಸಲು ಉಳಿಸಿಕೊಳ್ಳಿರಿ. ಇದೇ ಅಭ್ಯಾಸವನ್ನು 1990ರ ಸೂಪರ್ ಫ್ಯಾಮಿಕಾಮ್‌ನ ‘ಗ್ರೇಡಿಯಸ್ 3’ಕ್ಕೆ ಒಯ್ಯುವವರು ಎಚ್ಚರವಾಗಿರಬೇಕು: ಅಲ್ಲಿ ಎಡ ಬಲಗಳ ಜಾಗದಲ್ಲಿ ಎಲ್ ಮತ್ತು ಆರ್ ಬಟನ್‌ಗಳನ್ನು ಒತ್ತಬೇಕು, ಹಳೆಯ ಸರಣಿಯನ್ನೇ ಒತ್ತಿದರೆ ನೌಕೆ ತಾನಾಗಿಯೇ ಸಿಡಿದುಹೋಗುತ್ತದೆ.

ದಿನಕ್ಕೆ ಅರ್ಧ ಗಂಟೆ ಆಡುವವರು ಮೊದಲ ವಾರ ಸಂಕೇತವನ್ನು ಮುಟ್ಟದೆ, ಮೊದಲ ಹಂತವೊಂದನ್ನೇ ಆಡಿ, ಬಿಗ್ ಕೋರ್ ಎದುರಾಗುವ ಹೊತ್ತಿಗೆ ಎಷ್ಟು ಕ್ಯಾಪ್ಸೂಲ್‌ಗಳನ್ನು ಹಿಡಿದೆವು, ಅವನ್ನು ಯಾವುದಕ್ಕೆ ಖರ್ಚು ಮಾಡಿದೆವು ಎಂದು ಪ್ರತಿ ಸಲವೂ ಬರೆದಿಡಲಿ. ಎರಡು ಆಪ್ಷನ್‌ಗಳೊಂದಿಗೆ ಬಿಗ್ ಕೋರ್‌ನ ಮುಂದೆ ನಿಲ್ಲುವುದು ರೂಢಿಯಾದ ದಿನ ಎರಡನೆಯ ಹಂತಕ್ಕೆ ಹೋಗಬಹುದು.